ಟೆನಿಸ್‌ಗೆ ಮೊದಲು ಕಾಲು ತಯಾರಾಗಬೇಕು

ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾಯಿತೆಂದರೆ ಹುಬ್ಬಳ್ಳಿ-ಧಾರವಾಡದ ಟೆನಿಸ್ ಕೋರ್ಟ್‌ಗಳ ಗೇಟಿನ ಬಳಿ ಎರಡು ಥರದ ಹೊಸಬರು ಕಾಣಿಸುತ್ತಾರೆ. ಮಕ್ಕಳನ್ನು ಶಿಬಿರಕ್ಕೆ ಸೇರಿಸಲು ಬಂದ ಅಪ್ಪ-ಅಮ್ಮಂದಿರು ಒಂದು ಕಡೆ. ನಲವತ್ತರ ಆಸುಪಾಸಿನವರು ಇನ್ನೊಂದು ಕಡೆ. ಇವರಿಗೆ ಡಾಕ್ಟರು ‘ಶುಗರ್ ಸ್ವಲ್ಪ ಜಾಸ್ತಿ ಇದೆ, ಮೈ ಬೆವರಿಸಿ’ ಅಂದಿರುತ್ತಾರೆ. ಕೆರೆ ಸುತ್ತ ನಡೆದು ನಡೆದು ಬೇಜಾರೂ ಬಂದಿರುತ್ತದೆ. 2023ರ ಅಕ್ಟೋಬರ್‌ನಲ್ಲಿ ಧಾರವಾಡದ ರಾಜಾಧ್ಯಕ್ಷ ಪೆವಿಲಿಯನ್‌ನಲ್ಲಿ ಅಂತರರಾಷ್ಟ್ರೀಯ ಟೆನಿಸ್ ಸಂಸ್ಥೆಯ (ಐಟಿಎಫ್) ಪುರುಷರ ಟೂರ್ನಿ ನಡೆದಾಗ ಗ್ಯಾಲರಿಯಲ್ಲಿ ಕೂತು ನೋಡಿದವರೂ ಈ ಗುಂಪಿನಲ್ಲಿ ಇರಬಹುದು. ಮರುವರ್ಷ ಜನವರಿಯಲ್ಲಿ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ‘ಅವರಿಗೆ ಆಗುತ್ತೆ ಅಂದರೆ ನಮಗೆ ಕಲಿಯೋಕಾದರೂ ಆಗಲ್ವಾ’ ಅನ್ನೋ ಧೈರ್ಯ ಬಂದಿದ್ದರೆ ಅದೂ ಒಳ್ಳೆಯದೇ.

ಎರಡೂ ಗುಂಪಿನವರು ಕೇಳುವ ಮೊದಲ ಪ್ರಶ್ನೆ ಒಂದೇ: ಯಾವ ರಾಕೆಟ್ ತಗೊಳ್ಳೋಣ? ಅದಕ್ಕೆ ಉತ್ತರ ಈ ಲೇಖನದಲ್ಲಿದೆ, ಆದರೆ ಸ್ವಲ್ಪ ಕೆಳಗಿದೆ. ಮೊದಲು ಈ ಆಟ ಮೈಯಿಂದ ಏನು ಕೇಳುತ್ತದೆ ಅಂತ ನೋಡಬೇಕು. ಟೆನಿಸ್ ಆಡಿ ಫಿಟ್ ಆಗೋಣ ಅಂತ ಬಂದವರಲ್ಲಿ ಹಲವರು ಎರಡನೇ ವಾರಕ್ಕೇ ಮೊಣಕೈ ಹಿಡಿದುಕೊಂಡು ಕೂರುತ್ತಾರೆ. ಆಟಕ್ಕೆ ಬೇಕಾದಷ್ಟು ಫಿಟ್ ಆಗಿಯೇ ಆಟಕ್ಕೆ ಇಳಿಯಬೇಕು ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ.

ಕೋರ್ಟ್ ಎಷ್ಟು, ನಿಮ್ಮ ಕೈಲಿರುವ ಸಮಯ ಎಷ್ಟು

ಟೆನಿಸ್ ಕೋರ್ಟ್‌ನ ಉದ್ದ 78 ಅಡಿ. ಇಬ್ಬರೇ ಆಡುವ ಸಿಂಗಲ್ಸ್‌ನಲ್ಲಿ ಅಗಲ 27 ಅಡಿ, ನಾಲ್ವರ ಡಬಲ್ಸ್‌ನಲ್ಲಿ 36 ಅಡಿ. ನಡುವೆ ನೆಟ್. ಅದು ಎರಡೂ ಕಂಬಗಳ ಹತ್ತಿರ ಮೂರೂವರೆ ಅಡಿ ಎತ್ತರ ಇರುತ್ತದೆ, ಮಧ್ಯದಲ್ಲಿ ಪಟ್ಟಿ ಕಟ್ಟಿ ಮೂರು ಅಡಿಗೆ ಇಳಿಸಿರುತ್ತಾರೆ. ಈ ಅರ್ಧ ಅಡಿ ವ್ಯತ್ಯಾಸ ಹೊಸಬರಿಗೆ ದೊಡ್ಡ ವರ. ಒಂದು ಮೂಲೆಯಿಂದ ಎದುರಿನ ಮೂಲೆಗೆ ಓರೆಯಾಗಿ ಹೊಡೆದರೆ ಚೆಂಡು ನೆಟ್‌ನ ತಗ್ಗಿನ ಭಾಗದ ಮೇಲೆ ಹೋಗುತ್ತದೆ. ಜೊತೆಗೆ ಕೋರ್ಟ್‌ನ ಉದ್ದವೂ ನಾಲ್ಕು ಅಡಿಗಿಂತ ಜಾಸ್ತಿ ಸಿಗುತ್ತದೆ. ಅಂಚಿನ ಗೆರೆಗುಂಟ ನೇರ ಹೊಡೆದರೆ ನೆಟ್ ಎತ್ತರ, ಜಾಗ ಕಡಿಮೆ. ಕೋಚ್‌ಗಳು ‘ಕ್ರಾಸ್ ಹೊಡೀರಿ’ ಅಂತ ದಿನವೂ ಹೇಳೋದು ಇದಕ್ಕೇ.

ಈಗ ಸಮಯದ ಲೆಕ್ಕ. ಸಾಧಾರಣ ಆಟಗಾರ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೊಡೆದ ಅಂತಿಟ್ಟುಕೊಳ್ಳಿ. ಕೋರ್ಟ್‌ನ ಆ ತುದಿಯಿಂದ ನಿಮ್ಮ ತುದಿಗೆ ಚೆಂಡು ಬರಲು ಒಂದೂವರೆ ಸೆಕೆಂಡಿಗಿಂತ ತುಸು ಜಾಸ್ತಿ ಬೇಕು. ಅಷ್ಟರೊಳಗೆ ಚೆಂಡು ಎಡಕ್ಕೋ ಬಲಕ್ಕೋ ನೋಡಬೇಕು, ಅತ್ತ ಹೋಗಬೇಕು, ನಿಲ್ಲಬೇಕು, ಹೊಡೆಯಬೇಕು. ಕೈ ಬೀಸುವ ಕೆಲಸ ಇದರಲ್ಲಿ ಕೊನೆಯ ಚೂರು ಮಾತ್ರ. ಉಳಿದದ್ದೆಲ್ಲ ಕಾಲಿನ ಕೆಲಸ. ಹೊಸಬರು ‘ಕೈ ಸರಿಯಾಗಿ ಬರ್ತಿಲ್ಲ’ ಅಂತಾರೆ. ನಿಜವಾಗಿ ನೋಡಿದರೆ ಚೆಂಡು ಬರುವ ಹೊತ್ತಿಗೆ ಅವರು ಸರಿಯಾದ ಜಾಗದಲ್ಲೇ ಇರುವುದಿಲ್ಲ.

ಓಡುವುದಕ್ಕಿಂತ ನಿಲ್ಲುವುದು ಕಷ್ಟ

ಫಿಟ್‌ನೆಸ್ ಅಂದ ಕೂಡಲೇ ನಮ್ಮ ತಲೆಗೆ ಬರೋದು ಬೆಳಿಗ್ಗೆ ಎದ್ದು ನಾಲ್ಕು ಕಿಲೋಮೀಟರ್ ಓಡೋದು. ಟೆನಿಸ್ ಆ ಥರದ ಆಟವಲ್ಲ. ಒಂದು ಪಾಯಿಂಟ್ ಸಾಮಾನ್ಯವಾಗಿ ಐದರಿಂದ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಆಮೇಲೆ ಮುಂದಿನ ಸರ್ವ್‌ಗೆ, ಅಂದರೆ ಪಾಯಿಂಟ್ ಶುರು ಮಾಡುವ ಹೊಡೆತಕ್ಕೆ, ನಿಯಮದ ಪ್ರಕಾರ 25 ಸೆಕೆಂಡ್ ಸಮಯ ಇದೆ. ಬದಿ ಬದಲಿಸುವಾಗ 90 ಸೆಕೆಂಡ್. ಹಾಗಾಗಿ ಒಂದು ಗಂಟೆಯ ಮ್ಯಾಚ್‌ನಲ್ಲಿ ಚೆಂಡು ನಿಜವಾಗಿ ಆಟದಲ್ಲಿ ಇರೋದು ಹತ್ತರಿಂದ ಇಪ್ಪತ್ತು ನಿಮಿಷ ಅಷ್ಟೇ. ಮಣ್ಣಿನ ಕೋರ್ಟ್‌ನಲ್ಲಿ ತುಸು ಜಾಸ್ತಿ, ಗಟ್ಟಿ ಕೋರ್ಟ್‌ನಲ್ಲಿ ತುಸು ಕಡಿಮೆ.

‘ಅಷ್ಟೇನಾ’ ಅನ್ನಿಸಬಹುದು. ಆದರೆ ಆ ಐದತ್ತು ಸೆಕೆಂಡಿನಲ್ಲಿ ಮೂರು ನಾಲ್ಕು ಸಲ ದಿಕ್ಕು ಬದಲಿಸಬೇಕು. ಪ್ರತಿ ಸಲವೂ ಓಡುತ್ತಿರುವ ಮೈಯನ್ನು ಗಕ್ಕನೆ ನಿಲ್ಲಿಸಿ ಬೇರೆ ಕಡೆ ತಿರುಗಿಸಬೇಕು. ನಿಲ್ಲಿಸುವ ಹೊರೆ ಬೀಳೋದು ತೊಡೆ, ಮೊಣಕಾಲು, ಹಿಮ್ಮಡಿಯ ಮೇಲೆ. ದಿನಾ ಐದು ಕಿಲೋಮೀಟರ್ ಆರಾಮಾಗಿ ಓಡುವವರೂ ಮೊದಲ ದಿನ ಅರ್ಧ ಗಂಟೆ ಟೆನಿಸ್ ಆಡಿ ಮರುದಿನ ಮೆಟ್ಟಿಲು ಇಳಿಯಲು ಪರದಾಡುತ್ತಾರೆ. ಕಾರಣ ಇದೇ. ಅವರ ಕಾಲಿಗೆ ಓಡೋದು ಗೊತ್ತು, ಬ್ರೇಕ್ ಹಾಕೋದು ಗೊತ್ತಿಲ್ಲ.

ಉಸಿರಿನ ವಿಷಯಕ್ಕೆ ಬಂದರೆ, ನಮ್ಮ ಸ್ನಾಯುಗಳಲ್ಲಿ ತಕ್ಷಣ ಬಳಸಲು ಸಿಗುವ ಶಕ್ತಿಯ ಒಂದು ಸಣ್ಣ ದಾಸ್ತಾನು ಇರುತ್ತದೆ. ಜೋರಾಗಿ ಓಡಿದರೆ ಅದು ಸುಮಾರು ಹತ್ತು ಸೆಕೆಂಡಿಗೆ ಖಾಲಿ. ಪಾಯಿಂಟ್ ಮುಗಿದು ಚೆಂಡು ಹೆಕ್ಕಿಕೊಂಡು ಬರುವಷ್ಟರಲ್ಲಿ ಅದು ಮತ್ತೆ ತುಂಬಬೇಕು. ತುಂಬುವ ಕೆಲಸ ಮಾಡೋದು ಉಸಿರು ಮತ್ತು ಹೃದಯ. ಅಂದರೆ ಎರಡೂ ಬೇಕು: ಕ್ಷಣದಲ್ಲಿ ನುಗ್ಗುವ ಕಸುವು, ಬೇಗ ದಮ್ಮು ಮರಳಿ ಪಡೆಯುವ ತಾಕತ್ತು. ನಿಧಾನದ ಓಟ ಎರಡನೆಯದನ್ನು ಕೊಡುತ್ತದೆ, ಮೊದಲನೆಯದನ್ನು ಕೊಡುವುದಿಲ್ಲ.

ರಾಕೆಟ್ ಇಲ್ಲದ ಆರು ವಾರ

ಇಷ್ಟು ದಿನ ಕುರ್ಚಿಯಲ್ಲೇ ಕೂತು ಕೆಲಸ ಮಾಡಿದವರು ಕೋರ್ಟ್‌ಗೆ ಇಳಿಯುವ ಮುಂಚೆ ಐದಾರು ವಾರ ಮೈ ಹದ ಮಾಡಿಕೊಳ್ಳೋದು ಒಳ್ಳೆಯದು. ಬಿಪಿ, ಶುಗರ್, ಎದೆನೋವಿನ ಹಿನ್ನೆಲೆ ಇದ್ದರೆ ಮೊದಲು ಡಾಕ್ಟರ ಒಪ್ಪಿಗೆ. ಇದನ್ನು ಸುಮ್ನೆ ಶಾಸ್ತ್ರಕ್ಕೆ ಹೇಳುತ್ತಿಲ್ಲ. ಟೆನಿಸ್‌ನಲ್ಲಿ ಹೃದಯದ ಬಡಿತ ಒಮ್ಮೆಲೇ ಏರುತ್ತದೆ, ವಾಕಿಂಗ್‌ನ ಹಾಗೆ ಮೆಲ್ಲಗೆ ಏರುವುದಿಲ್ಲ.

ಮೊದಲೆರಡು ವಾರ ಬಿರುಸು ನಡಿಗೆ ಸಾಕು. ಉಣಕಲ್ ಕೆರೆ ದಂಡೆ, ಕೆಲಗೇರಿ ಕೆರೆ ಸುತ್ತ, ಎಲ್ಲಿಯಾದರೂ ಸರಿ. ಮಾತಾಡಲು ಆಗಬೇಕು, ಆದರೆ ಹಾಡಲು ಆಗಬಾರದು, ಅಷ್ಟು ವೇಗ. ಮೂರನೇ ವಾರದಿಂದ ನಡುನಡುವೆ ಹತ್ತು ಸೆಕೆಂಡ್ ಜೋರಾಗಿ ಓಡಿ, ಅರ್ಧ ನಿಮಿಷ ನಡೆಯಿರಿ. ಎಂಟು ಸಲದಿಂದ ಶುರು ಮಾಡಿ, ವಾರವಾರಕ್ಕೆ ಒಂದೆರಡು ಸೇರಿಸುತ್ತ ಹೋಗಿ. ಪಾಯಿಂಟ್ ಆಡಿ ದಮ್ಮು ತೆಗೆದುಕೊಳ್ಳುವ ಅಳತೆಯೂ ಹೆಚ್ಚುಕಮ್ಮಿ ಇದೇ.

ಇನ್ನು ಕಸುವು. ನಮ್ಮ ಭಾಗದ ಗರಡಿ ಮನೆಗಳಲ್ಲಿ ಸಾಮು ಮಾಡುವವರು ಹೊಡೆಯುವ ದಂಡ, ಬೈಠಕ್ ಎರಡೂ ಟೆನಿಸ್‌ಗೆ ಹೇಳಿ ಮಾಡಿಸಿದ ಹಾಗಿವೆ. ಬೈಠಕ್ ತೊಡೆಗೆ, ದಂಡ ಭುಜ ಮತ್ತು ನಡುವಿಗೆ. ಹೊಸಬರು ಪೂರ್ತಿ ಕೂರುವ ಅಗತ್ಯ ಇಲ್ಲ, ತೊಡೆ ನೆಲಕ್ಕೆ ಸಮಾನಾಂತರ ಬರುವಷ್ಟು ಸಾಕು. ಆದರೆ ಬೈಠಕ್ ಮೇಲೆ-ಕೆಳಗೆ ಮಾತ್ರ ಮಾಡಿಸುತ್ತದೆ. ಟೆನಿಸ್ ಅಡ್ಡಡ್ಡ ಓಡಿಸುತ್ತದೆ. ಹಾಗಾಗಿ ಪಕ್ಕಕ್ಕೆ ದೊಡ್ಡ ಹೆಜ್ಜೆ ಇಟ್ಟು ಆ ಮೊಣಕಾಲು ಬಗ್ಗಿಸಿ ಎದ್ದು ಬರುವ ಸೈಡ್ ಲಂಜ್ ಸೇರಿಸಿಕೊಳ್ಳಿ, ಒಂದೊಂದು ಕಡೆಗೆ ಹತ್ತು ಸಲ. ಮೆಟ್ಟಿಲ ಅಂಚಿನ ಮೇಲೆ ಮುಂಗಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸೋದು ಮೀನಖಂಡಕ್ಕೆ. ಆಡುವಾಗ ಯಾರೋ ಹಿಂದಿನಿಂದ ಕಲ್ಲು ಹೊಡೆದಂತೆ ಮೀನಖಂಡ ಹರಿಯೋದು ನಲವತ್ತು ದಾಟಿದವರಲ್ಲಿ ಹೊಸದೇನಲ್ಲ, ಡಾಕ್ಟರುಗಳು ಅದಕ್ಕೆ ‘ಟೆನಿಸ್ ಲೆಗ್’ ಅಂತಲೇ ಕರೆಯುತ್ತಾರೆ. ಪ್ಲ್ಯಾಂಕ್ ಗೊತ್ತಿದ್ದವರು ಮಾಡಿ. ಹಗ್ಗದಾಟ, ಅಂದರೆ ಸ್ಕಿಪ್ಪಿಂಗ್, ದಿನಕ್ಕೆ ಐದು ನಿಮಿಷ ಮಾಡಿದರೂ ಪಾದ ಹಗುರಾಗುತ್ತದೆ.

ಭುಜಕ್ಕೆ ಒಂದು ಪುಟ್ಟ ವ್ಯಾಯಾಮ ಇದೆ, ಬಹಳ ಜನ ಬಿಡೋದು ಇದನ್ನೇ. ಸೈಕಲ್ ರಿಪೇರಿ ಅಂಗಡಿಯಲ್ಲಿ ಹಳೇ ಟ್ಯೂಬ್ ಕೇಳಿ ತನ್ನಿ. ಒಂದು ತುದಿಯನ್ನು ಕಿಟಕಿ ಸರಳಿಗೆ ಮೊಣಕೈ ಎತ್ತರಕ್ಕೆ ಕಟ್ಟಿ. ಕಿಟಕಿಗೆ ಪಕ್ಕವಾಗಿ ನಿಂತು, ಕಿಟಕಿಯಿಂದ ದೂರ ಇರುವ ಕೈಯಲ್ಲಿ ಇನ್ನೊಂದು ತುದಿ ಹಿಡಿಯಿರಿ. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು 90 ಡಿಗ್ರಿ ಬಗ್ಗಿಸಿರಿ. ಈಗ ಮೊಣಕೈ ಅಲ್ಲಾಡಿಸದೆ ಮುಂಗೈಯನ್ನು ಹೊರಗಡೆಗೆ ಎಳೆಯಿರಿ, ನಿಧಾನವಾಗಿ ವಾಪಸ್ ಬಿಡಿ. ಹದಿನೈದು ಸಲ, ಎರಡೂ ಕೈಗೆ. ಭುಜದ ಕೀಲಿನ ಸುತ್ತ ಇರುವ ಸಣ್ಣ ಸ್ನಾಯುಗಳು ಇದರಿಂದ ಗಟ್ಟಿಯಾಗುತ್ತವೆ. ಸರ್ವ್ ಮಾಡುವಾಗ ಕೈ ರಭಸದಿಂದ ಮುಂದೆ ಹೋಗುತ್ತದಲ್ಲ, ಅದನ್ನು ಹಿಡಿದು ನಿಲ್ಲಿಸುವುದು ಇವೇ. ನೋವು ಬಂದರೆ ಬಿಟ್ಟುಬಿಡಿ.

ಸಣ್ಣ ಜಿಗಿತದ ಗುಟ್ಟು

ಯಾವುದೇ ಒಳ್ಳೆಯ ಆಟಗಾರರ ಪಾದಗಳನ್ನು ಮಾತ್ರ ನೋಡಿ, ಚೆಂಡು ನೋಡಬೇಡಿ. ಎದುರಿನವರು ಹೊಡೆಯುವ ಕ್ಷಣಕ್ಕೆ ಸರಿಯಾಗಿ ಇವರು ನೆಲದಿಂದ ಒಂದೆರಡು ಇಂಚು ಎದ್ದು ಎರಡೂ ಕಾಲು ಅಗಲಿಸಿ ಇಳಿಯುತ್ತಾರೆ. ಇದಕ್ಕೆ ಸ್ಪ್ಲಿಟ್ ಸ್ಟೆಪ್ ಅನ್ನುತ್ತಾರೆ. ಟಿವಿಯಲ್ಲಿ ಇಷ್ಟು ವರ್ಷ ನೋಡಿದ್ದರೂ ಬಹಳ ಜನರ ಕಣ್ಣಿಗೆ ಇದು ಬಿದ್ದೇ ಇರುವುದಿಲ್ಲ.

ಯಾಕೆ ಜಿಗಿಯಬೇಕು? ಸುಮ್ಮನೆ ನಿಂತ ಮೈಯನ್ನು ಕದಲಿಸಲು ಸಮಯ ಹಿಡಿಯುತ್ತದೆ. ಜಿಗಿದು ಇಳಿದಾಗ ಮೊಣಕಾಲು ಬಗ್ಗಿ, ತೊಡೆ ಮತ್ತು ಮೀನಖಂಡದ ಸ್ನಾಯುಗಳು ಎಳೆದುಕೊಂಡಿರುತ್ತವೆ. ಎಳೆದ ಸ್ನಾಯು ತಕ್ಷಣ ಜೋರಾಗಿ ಕುಗ್ಗುತ್ತದೆ, ಮೈಯನ್ನು ಬೇಕಾದ ಕಡೆ ನೂಕುತ್ತದೆ. ಇಳಿಯುವ ಹೊತ್ತಿಗೆ ಚೆಂಡು ಯಾವ ಕಡೆ ಅನ್ನೋದೂ ಕಣ್ಣಿಗೆ ಗೊತ್ತಾಗಿರುತ್ತದೆ. ಬೇಗ ಜಿಗಿದರೆ ಸ್ನಾಯು ಮತ್ತೆ ಸಡಿಲ, ತಡವಾದರೆ ಚೆಂಡು ದಾಟಿ ಹೋಗಿರುತ್ತದೆ. ಹಾಗಾಗಿ ಎಷ್ಟು ಎತ್ತರ ಜಿಗಿದಿರಿ ಅನ್ನೋದಕ್ಕಿಂತ ಯಾವಾಗ ಇಳಿದಿರಿ ಅನ್ನೋದೇ ಮುಖ್ಯ.

ಸಂಜೆ ಹೊತ್ತು ಧಾರವಾಡದ ಯಾವುದಾದರೂ ಕೋರ್ಟ್‌ನ ಜಾಲರಿ ಆಚೆ ನಿಂತರೆ ಕೋಚ್‌ಗಳ ಬಾಯಲ್ಲಿ ಅತಿ ಹೆಚ್ಚು ಕೇಳಿಸೋದು ಇದೇ ಮಾತು. ಹುಡುಗರಿಗಾದರೆ ‘ತಮ್ಮಾ, ಕಾಲ್ ನಿಲ್ಲಸಬ್ಯಾಡೋ’, ದೊಡ್ಡವರಿಗಾದರೆ ‘ಸರ್ರ, ಕಾಲ್ ಎತ್ರಿ ಕಾಲ್’. ಇನ್ನೂ ಒಂದು ವಿಷಯ ಇದೆ. ಹೆಚ್ಚಿನ ಹೊಡೆತಗಳಿಗೆ ನೀವು ಓಡಬೇಕಾದ ದೂರ ಎರಡು ಮೂರು ಮೀಟರ್ ಅಷ್ಟೇ. ಅದನ್ನು ಎರಡು ದೊಡ್ಡ ದಾಪುಗಾಲಲ್ಲಿ ಮುಗಿಸದೆ, ಕೊನೆಗೆ ನಾಲ್ಕೈದು ಪುಟ್ಟ ಹೆಜ್ಜೆ ಇಟ್ಟು ಚೆಂಡಿನ ಅಂತರ ಸರಿಮಾಡಿಕೊಳ್ಳಬೇಕು. ಚೆಂಡು ಮೈಗೆ ತೀರಾ ಹತ್ತಿರ ಬಂದಾಗ ಮೊಣಕೈ ಮಡಚಿ ಹೊಡೆಯುತ್ತೇವಲ್ಲ, ಆ ತೊಂದರೆ ಈ ಪುಟ್ಟ ಹೆಜ್ಜೆಗಳಿಂದಲೇ ಹೋಗುತ್ತದೆ.

ಬಲ ಬರೋದು ನೆಲದಿಂದ

ಬಾರಕೋಲು ಬೀಸುವವರನ್ನು ನೋಡಿದ್ದೀರಲ್ಲ. ಕೈ ಅಲ್ಲಾಡೋದು ಸ್ವಲ್ಪವೇ, ಆದರೆ ತುದಿ ‘ಚಟ್’ ಅಂತ ಸದ್ದು ಮಾಡುತ್ತದೆ. ದಪ್ಪನೆಯ ಬುಡದ ವೇಗ ಸಾಗುತ್ತ ಸಾಗುತ್ತ ಸಣ್ಣ ತುದಿಗೆ ಬಂದಾಗ ಹಲವು ಪಟ್ಟಾಗಿರುತ್ತದೆ. ಟೆನಿಸ್ ಹೊಡೆತವೂ ಹೀಗೇ ಕೆಲಸ ಮಾಡುತ್ತದೆ. ಕಾಲು ನೆಲವನ್ನು ಒತ್ತುತ್ತದೆ, ಸೊಂಟ ತಿರುಗುತ್ತದೆ, ಅದರ ಹಿಂದೆ ಎದೆ-ಭುಜ, ಆಮೇಲೆ ತೋಳು, ಕೊನೆಗೆ ಮಣಿಕಟ್ಟು ಮತ್ತು ರಾಕೆಟ್. ಒಂದರ ನಂತರ ಒಂದು. ಈ ಸಾಲಿನಲ್ಲಿ ಕೆಳಗಿನ ಕೊಂಡಿ ಕೆಲಸ ಮಾಡದಿದ್ದರೆ ಅದರ ಹೊರೆ ಮೇಲಿನ ಕೊಂಡಿಗೆ ಬೀಳುತ್ತದೆ. ಕಾಲು ನೆಟ್ಟಗೆ ನಿಲ್ಲಿಸಿ ಬರೀ ಕೈಯಿಂದ ಹೊಡೆಯುವವರಿಗೆ ಭುಜ ಮತ್ತು ಮೊಣಕೈ ನೋವು ಬರೋದು ಇದರಿಂದಲೇ.

ಪರೀಕ್ಷೆ ಮಾಡಿ ನೋಡಬೇಕಾ? ಕುರ್ಚಿ ಮೇಲೆ ಕೂತು ಒಂದು ಚೆಂಡನ್ನು ದೂರ ಎಸೆಯಿರಿ. ಆಮೇಲೆ ನಿಂತು, ಒಂದು ಹೆಜ್ಜೆ ಮುಂದಿಟ್ಟು ಎಸೆಯಿರಿ. ಕೈ ಅದೇ, ದೂರ ಬೇರೆ.

ಹಿಡಿತ ಮತ್ತು ಮೊದಲ ಹೊಡೆತಗಳು

ಬಲಗೈಯವರಿಗೆ ಬಲಗಡೆ ಬಂದ ಚೆಂಡನ್ನು ಹೊಡೆಯೋದು ಫೋರ್‌ಹ್ಯಾಂಡ್, ಎಡಗಡೆಯದು ಬ್ಯಾಕ್‌ಹ್ಯಾಂಡ್. ಚೆಂಡು ನೆಲಕ್ಕೆ ಬೀಳುವ ಮುಂಚೆಯೇ ಹೊಡೆದರೆ ವಾಲಿ. ಆಟ ಶುರು ಮಾಡುವ ಹೊಡೆತ ಸರ್ವ್.

ಫೋರ್‌ಹ್ಯಾಂಡ್‌ಗೆ ಹಿಡಿತ ಹೀಗೆ: ಅಂಗೈಯನ್ನು ರಾಕೆಟ್‌ನ ತಂತಿಗಳ ಮೇಲೆ ಚಪ್ಪಟೆಯಾಗಿ ಇಡಿ. ಹಾಗೆಯೇ ಕೆಳಗೆ ಜಾರಿಸುತ್ತ ಹಿಡಿಯವರೆಗೆ ತಂದು ಬೆರಳು ಮುಚ್ಚಿ. ಇದಕ್ಕೆ ಈಸ್ಟರ್ನ್ ಹಿಡಿತ ಎನ್ನುತ್ತಾರೆ. ಇದರಲ್ಲಿ ಅಂಗೈ ಯಾವ ಕಡೆ ನೋಡುತ್ತದೋ ರಾಕೆಟ್ ಮುಖವೂ ಅದೇ ಕಡೆ ನೋಡುತ್ತದೆ, ಅದಕ್ಕೇ ಹೊಸಬರಿಗೆ ಸಲೀಸು. ಟಿವಿಯಲ್ಲಿ ಕಾಣುವ ದೊಡ್ಡ ಆಟಗಾರರು ಅಂಗೈಯನ್ನು ಇನ್ನೂ ಹಿಡಿಯ ಕೆಳಗೆ ಸರಿಸಿ ಹಿಡಿಯುತ್ತಾರೆ, ಚೆಂಡಿಗೆ ಜೋರು ಸುತ್ತು ಕೊಡಲು. ಅದು ಆಮೇಲೆ. ಬ್ಯಾಕ್‌ಹ್ಯಾಂಡ್ ಅನ್ನು ಎರಡೂ ಕೈಯಲ್ಲಿ ಕಲಿಯೋದು ಮೇಲು. ಒಂದೇ ಕೈಯ ಬ್ಯಾಕ್‌ಹ್ಯಾಂಡ್ ನೋಡಲು ಚೆಂದ, ನಿಜ. ಆದರೆ ಚೆಂಡು ತಲುಪಲು ತುಸು ತಡವಾದರೂ ಅದು ಮೊಣಕೈಯನ್ನು ಸುಮ್ಮನೆ ಬಿಡುವುದಿಲ್ಲ.

ಹಿಡಿತ ಎಷ್ಟು ಬಿಗಿ ಇರಬೇಕು? ಚೆಂಡಿಗೆ ತಾಗುವ ಕ್ಷಣ ಬಿಟ್ಟು ಉಳಿದಂತೆ ಸಡಿಲವಾಗಿ. ಪಾಯಿಂಟ್‌ಗಳ ನಡುವೆ ರಾಕೆಟ್ಟನ್ನು ಎಡಗೈಗೆ ಕೊಟ್ಟು ಬಲಗೈ ಬೆರಳು ಬಿಚ್ಚಿಕೊಳ್ಳುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಿ.

ಮೊದಲ ದಿನಗಳಲ್ಲಿ ಇಡೀ ಕೋರ್ಟ್ ಬೇಡ. ನೆಟ್‌ನಿಂದ 21 ಅಡಿ ದೂರದಲ್ಲಿ ಒಂದು ಅಡ್ಡಗೆರೆ ಇರುತ್ತದೆ, ಸರ್ವಿಸ್ ಗೆರೆ. ಇಬ್ಬರೂ ಅದರೊಳಗೆ ನಿಂತು ಮೆಲ್ಲಗೆ ಚೆಂಡು ದಾಟಿಸಿ. ಇಪ್ಪತ್ತು ಸಲ ತಪ್ಪದೆ ದಾಟಿಸಲು ಬಂದಮೇಲೆ ಒಂದೊಂದೇ ಹೆಜ್ಜೆ ಹಿಂದೆ ಸರಿಯಿರಿ. ಜೊತೆಗಾರ ಸಿಗದಿದ್ದರೆ ಗೋಡೆ ಇದೆ. ಗೋಡೆ ಮೇಲೆ ಮೂರು ಅಡಿ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಗೋಡೆ ಚೆಂಡನ್ನು ಬೇಗ ವಾಪಸ್ ಕಳಿಸುತ್ತದೆ, ಹಾಗಾಗಿ ಎರಡು ಸಲ ನೆಲಕ್ಕೆ ಬಡಿದಮೇಲೆ ಹೊಡೆದರೂ ಪರವಾಗಿಲ್ಲ.

ಮಕ್ಕಳಿಗೆ ಯಾಕೆ ಕೆಂಪು ಚೆಂಡು

ಏಳು ವರ್ಷದ ಮಗುವಿಗೆ ಮಾಮೂಲಿ ಹಳದಿ ಚೆಂಡು ಕೊಟ್ಟರೆ ಅದು ಪುಟಿದು ತಲೆ ಮೇಲೆ ಹೋಗುತ್ತದೆ. ಮಗು ಕೈ ಮೇಲೆತ್ತಿ ಹೇಗೋ ಹೊಡೆಯಲು ಕಲಿಯುತ್ತದೆ, ಆ ತಪ್ಪು ಮುಂದೆ ತಿದ್ದಲು ವರ್ಷಗಟ್ಟಲೆ ಬೇಕು. ಅದಕ್ಕೇ ಅಂತರರಾಷ್ಟ್ರೀಯ ಟೆನಿಸ್ ಸಂಸ್ಥೆ ನಿಧಾನ ಚೆಂಡುಗಳನ್ನು ಬಳಕೆಗೆ ತಂದಿತು. ಕೆಂಪು ಚೆಂಡು ಹಳದಿಗಿಂತ ಸುಮಾರು ಶೇ 75ರಷ್ಟು ನಿಧಾನ, ಕಿತ್ತಳೆ ಶೇ 50, ಹಸಿರು ಶೇ 25. ಕೆಂಪು ಚೆಂಡಿನ ಕೋರ್ಟ್‌ನ ಉದ್ದ 36 ಅಡಿ, ಕಿತ್ತಳೆಯದು 60 ಅಡಿ, ಹಸಿರಿಗೆ ಪೂರ್ತಿ ಕೋರ್ಟ್. ಹತ್ತು ವರ್ಷದೊಳಗಿನವರ ಟೂರ್ನಿಗಳಲ್ಲಿ ಹಳದಿ ಚೆಂಡು ಬಳಸಬಾರದು ಅಂತ 2012ರಿಂದ ನಿಯಮವೇ ಇದೆ.

ಶಿಬಿರಕ್ಕೆ ಸೇರಿಸುವ ಮುಂಚೆ ಬುಟ್ಟಿಯಲ್ಲಿ ಯಾವ ಬಣ್ಣದ ಚೆಂಡು ಇದೆ ಅಂತ ನೋಡಿ. ಚಿಕ್ಕ ಮಕ್ಕಳಿಗೂ ಬರೀ ಹಳದಿಯೇ ಇದ್ದರೆ ಕೋಚ್ ಹತ್ತಿರ ಕೇಳೋದರಲ್ಲಿ ತಪ್ಪಿಲ್ಲ. ದೊಡ್ಡವರೂ ಮೊದಲ ತಿಂಗಳು ಕಿತ್ತಳೆ ಅಥವಾ ಹಸಿರು ಚೆಂಡಿನಲ್ಲಿ ಕಲಿತರೆ ಬೇಗ ಕಲಿಯುತ್ತಾರೆ. ನಾಚಿಕೆ ಅಂತ ಯಾರೂ ಕಲಿಯೋದಿಲ್ಲ, ಅಷ್ಟೇ.

ಈಗ ರಾಕೆಟ್, ಮತ್ತು ಅದಕ್ಕಿಂತ ಮುಖ್ಯವಾದ ಶೂ

ದೊಡ್ಡವರ ರಾಕೆಟ್ 27 ಇಂಚು ಉದ್ದ. ಹೊಸಬರಿಗೆ 270ರಿಂದ 290 ಗ್ರಾಂ ತೂಕ, 100ರಿಂದ 105 ಚದರ ಇಂಚಿನ ತಲೆ ಸರಿಹೋಗುತ್ತದೆ. ತಲೆ ದೊಡ್ಡದಿದ್ದರೆ ಚೆಂಡು ಮಧ್ಯಕ್ಕೆ ತಾಗದಿದ್ದರೂ ಒಂದಷ್ಟು ದೂರ ಹೋಗುತ್ತದೆ. ತೀರಾ ಹಗುರ ರಾಕೆಟ್ ಒಳ್ಳೆಯದು ಅಂತ ಅಂಗಡಿಯಲ್ಲಿ ಹೇಳಿದರೆ ಪೂರ್ತಿ ನಂಬಬೇಡಿ. ಹಗುರ ರಾಕೆಟ್ ಚೆಂಡಿನ ಏಟನ್ನು ತಾನು ತಾಳಿಕೊಳ್ಳದೆ ತೋಳಿಗೆ ದಾಟಿಸುತ್ತದೆ. ಹಿಡಿಯ ದಪ್ಪ ನೋಡಲು ರಾಕೆಟ್ ಹಿಡಿದುಕೊಳ್ಳಿ. ಬೆರಳ ತುದಿಗೂ ಅಂಗೈ ಉಬ್ಬಿಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಕೂರುವಷ್ಟು ಜಾಗ ಇರಬೇಕು. ತಂತಿಯನ್ನು 50 ಪೌಂಡ್ ಆಸುಪಾಸು ಬಿಗಿಸಿದರೆ ಸಾಕು, ಗಟ್ಟಿ ಪಾಲಿಯೆಸ್ಟರ್ ತಂತಿ ಈಗಲೇ ಬೇಡ. ಮಕ್ಕಳಿಗೆ 19, 21, 23, 25 ಇಂಚಿನವು ಸಿಗುತ್ತವೆ. ‘ಬೆಳೆಯೋ ಮಗು’ ಅಂತ ಒಂದು ಸೈಜು ದೊಡ್ಡದು ತರೋದು ಶಾಲೆಯ ಯೂನಿಫಾರ್ಮ್‌ಗೆ ಸರಿ, ರಾಕೆಟ್‌ಗಲ್ಲ.

ದುಡ್ಡು ಒಂದಕ್ಕೇ ಇದ್ದರೆ ಶೂಗೆ ಹಾಕಿ, ರಾಕೆಟ್ ಕ್ಲಬ್‌ನಲ್ಲಿ ಎರವಲು ಸಿಕ್ಕರೂ ನಡೆಯುತ್ತದೆ. ಓಟದ ಶೂಗಳ ಹಿಮ್ಮಡಿ ಎತ್ತರ, ಮೆತ್ತಗೆ. ನೇರ ಓಡಲು ಅದು ಚೆನ್ನ. ಪಕ್ಕಕ್ಕೆ ಓಡಿ ನಿಂತಾಗ ಪಾದ ಅದರ ಮೇಲೆ ಹೊರಳಿ ಹರಡು ಉಳುಕುತ್ತದೆ. ಟೆನಿಸ್ ಶೂ ನೆಲಕ್ಕೆ ಹತ್ತಿರ ಇರುತ್ತದೆ, ಬದಿಗಳು ಗಟ್ಟಿ.

ಚೆಂಡಿನ ತೂಕ 56ರಿಂದ 59.4 ಗ್ರಾಂ. ಒಳಗೆ ಒತ್ತಡದ ಗಾಳಿ ತುಂಬಿರುತ್ತದೆ, ಡಬ್ಬಿಯೂ ಒತ್ತಡದಲ್ಲೇ ಇರುತ್ತದೆ. ಮುಚ್ಚಳ ತೆರೆದಾಗ ‘ಸುಸ್’ ಅನ್ನೋದು ಅದೇ. ಆವತ್ತಿನಿಂದ ಚೆಂಡಿನ ಗಾಳಿ ಆಡಿದರೂ ಆಡದಿದ್ದರೂ ಮೆಲ್ಲಗೆ ಸೋರುತ್ತ ಹೋಗುತ್ತದೆ. ನಿಯಮದ ಪ್ರಕಾರ 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ 135ರಿಂದ 147 ಸೆಂಟಿಮೀಟರ್ ಪುಟಿಯಬೇಕು. ಅಳತೆಪಟ್ಟಿ ಇಲ್ಲದಿದ್ದರೆ ಸಿಮೆಂಟ್ ನೆಲದ ಮೇಲೆ ತಲೆ ಎತ್ತರದಿಂದ ಬಿಡಿ. ಎದ್ದ ಎತ್ತರ ಅರ್ಧ ದಾರಿಗಿಂತ ಕೆಳಗೇ ನಿಂತರೆ ಆ ಚೆಂಡನ್ನು ಗೋಡೆ ಅಭ್ಯಾಸಕ್ಕೆ ಇಟ್ಟುಕೊಳ್ಳಿ.

ಮೊಣಕೈ ನೋವು ಬಂದರೆ

ಮೊಣಕೈಯ ಹೊರಬದಿಯಲ್ಲಿ ಒಂದು ಎಲುಬಿನ ಉಬ್ಬು ಇದೆ. ಮಣಿಕಟ್ಟನ್ನು ಮೇಲಕ್ಕೆ ಎತ್ತುವ ಸ್ನಾಯುಗಳ ಬಿಳಿ ನಾರು ಅಲ್ಲಿ ಬಂದು ಅಂಟಿಕೊಂಡಿರುತ್ತದೆ. ತಡವಾಗಿ ಹೊಡೆದ ಬ್ಯಾಕ್‌ಹ್ಯಾಂಡ್, ಬಿಗಿ ಹಿಡಿತ, ಗಟ್ಟಿ ತಂತಿ, ಇವೆಲ್ಲ ಸೇರಿ ಆ ನಾರನ್ನು ಮತ್ತೆ ಮತ್ತೆ ಜಗ್ಗುತ್ತವೆ. ನಾರಿಗೆ ರಕ್ತ ಹರಿಯೋದು ಕಡಿಮೆ, ಅದಕ್ಕೇ ವಾಸಿಯಾಗೋದೂ ನಿಧಾನ. ಇದೇ ಟೆನಿಸ್ ಎಲ್ಬೋ. ಟೆನಿಸ್ ಮುಟ್ಟದ ಬಡಗಿಗಳಿಗೆ, ಪೇಂಟರ್‌ಗಳಿಗೆ, ಅಡುಗೆಯವರಿಗೂ ಬರುತ್ತದೆ. ಬಟ್ಟೆ ಹಿಂಡುವಾಗ, ಬಾಗಿಲ ಕೀಲಿ ತಿರುವುವಾಗ, ತುಂಬಿದ ತಂಬಿಗೆ ಎತ್ತುವಾಗ ಹೊರಬದಿ ಚುಚ್ಚಿದರೆ ಆಟ ನಿಲ್ಲಿಸಿ ಫಿಸಿಯೊಥೆರಪಿಸ್ಟ್ ಹತ್ತಿರ ಹೋಗಿ. ‘ಆಡ್ತಾ ಆಡ್ತಾ ಹೋಗುತ್ತೆ’ ಅಂತ ಮುಂದುವರಿಸಿದವರಿಗೆ ಆರು ವಾರದ ನೋವು ಆರು ತಿಂಗಳಾಗಬಹುದು.

ಆಡುವ ಮುಂಚೆ ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಬೇಕು. ನಿಂತಲ್ಲೇ ಸ್ನಾಯು ಎಳೆದು ಹಿಡಿಯೋದು ಆಟ ಮುಗಿದಮೇಲೆ. ಮುಂಚೆ ಮಾಡಬೇಕಾದ್ದು ಮೆಲ್ಲನೆ ಓಟ, ಅಡ್ಡ ಹೆಜ್ಜೆ, ಮೊಣಕಾಲು ಎತ್ತಿ ನಡೆಯೋದು, ತೋಳು ತಿರುವೋದು. ಬೋಪಣ್ಣ ತಮ್ಮ ಮೊಣಕಾಲಿನ ಮೃದ್ವಸ್ಥಿ ಸವೆದಿತ್ತು, ಅಯ್ಯಂಗಾರ್ ಯೋಗದಿಂದ ಆಟ ಮುಂದುವರಿಸಲು ಆಯಿತು ಎಂದು ಹೇಳಿಕೊಂಡಿದ್ದಾರೆ. ಅವರ ಹಿಂದೆ ಪಳಗಿದ ಗುರುಗಳಿದ್ದರು ಅನ್ನೋದನ್ನೂ ನೆನಪಿಡಬೇಕು. ವಿಡಿಯೊ ನೋಡಿ ಒಬ್ಬರೇ ಮಾಡುವ ಕೆಲಸ ಅದಲ್ಲ.

ನಮ್ಮ ಮಣ್ಣು, ಬಿಸಿಲು, ಮಳೆ

ಮಣ್ಣಿನ ಕೋರ್ಟ್‌ನಲ್ಲಿ ಚೆಂಡು ನೆಲಕ್ಕೆ ಬಡಿದು ನಿಧಾನವಾಗುತ್ತದೆ, ಎತ್ತರಕ್ಕೆ ಪುಟಿಯುತ್ತದೆ. ಹೊಸಬರಿಗೆ ಸಮಯ ಸಿಗುತ್ತದೆ, ಮೊಣಕಾಲಿಗೂ ಹಿತ. ಸಿಮೆಂಟ್ ಮೇಲೆ ಬಣ್ಣದ ಪದರ ಹಾಕಿದ ಗಟ್ಟಿ ಕೋರ್ಟ್‌ನಲ್ಲಿ ಚೆಂಡು ಬೇಗ ಬರುತ್ತದೆ, ಆದರೆ ಪುಟಿತ ಒಂದೇ ಸಮ. ಹುಬ್ಬಳ್ಳಿಯಿಂದ ಗದಗದ ಕಡೆ ಹೋಗುತ್ತ ಎರಿ ಮಣ್ಣು. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಕೆಳಗೆ ಸರಿಯಾಗಿ ಅಗೆದು ಗಟ್ಟಿ ಮಾಡದೆ ಕಟ್ಟಿದರೆ ಕೋರ್ಟ್ ಬೇಗ ಬಿರುಕು ಬಿಡುತ್ತದೆ. ಅಂಥ ಬಿರುಕಿಗೆ ಚೆಂಡು ಬಿದ್ದರೆ ಎತ್ತ ಪುಟಿಯುತ್ತದೆ ಅಂತ ದೇವರಿಗೇ ಗೊತ್ತು. ನಿಮ್ಮ ಕಾಲೂ ಅದಕ್ಕೆ ಸಿಕ್ಕೀತು, ನೋಡಿಕೊಂಡು ಆಡಿ.

ಏಪ್ರಿಲ್-ಮೇನಲ್ಲಿ ಬೆಳಿಗ್ಗೆ ಎಂಟರೊಳಗೆ, ಸಂಜೆ ಐದರ ಮೇಲೆ. ಒಂದು ಗಂಟೆಗಿಂತ ಜಾಸ್ತಿ ಆಡಿದರೆ ಬರೀ ನೀರು ಸಾಲದು, ಬೆವರಿನಲ್ಲಿ ಉಪ್ಪೂ ಹೋಗಿರುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ಲಿಂಬೆ ಶರಬತ್ತು ಸಾಕು, ಬಣ್ಣದ ಬಾಟಲಿ ಬೇಕಿಲ್ಲ. ಬಿಪಿ ಇದ್ದವರು ಉಪ್ಪಿನ ಬಗ್ಗೆ ಡಾಕ್ಟರನ್ನು ಕೇಳಿ. ಆಟಕ್ಕೆ ಮುಂಚೆ ಒಂದು ಬಾಳೆಹಣ್ಣು, ಆಮೇಲೆ ರೊಟ್ಟಿ, ಕಾಳುಪಲ್ಲೆ, ಶೇಂಗಾ ಚಟ್ನಿ. ತಲೆ ಸುತ್ತಿ, ಬೆವರು ನಿಂತು ಮೈ ಸುಡುತ್ತಿದ್ದರೆ ನೆರಳಿಗೆ ಹೋಗಿ ಮೈ ಒದ್ದೆ ಮಾಡಿಕೊಂಡು ಆಸ್ಪತ್ರೆಗೆ ಹೊರಡಬೇಕು. ಮಳೆಗಾಲದಲ್ಲಿ ಮಣ್ಣಿನ ಕೋರ್ಟ್ ವಾರಗಟ್ಟಲೆ ಮುಚ್ಚಿರುತ್ತದೆ. ಹಗ್ಗದಾಟ, ಬೈಠಕ್, ಟ್ಯೂಬ್ ಆಗ ಮನೆಯೊಳಗೇ ನಡೆಯಲಿ.

ಮೊದಲ ಮ್ಯಾಚ್‌ಗೆ ಇಷ್ಟು ಲೆಕ್ಕ ಸಾಕು

ಸೊನ್ನೆಗೆ ‘ಲವ್’ ಅನ್ನುತ್ತಾರೆ. ಮೊದಲ ಪಾಯಿಂಟ್ 15, ಎರಡನೆಯದು 30, ಮೂರನೆಯದು 40, ನಾಲ್ಕನೆಯದಕ್ಕೆ ಗೇಮ್. ಇಬ್ಬರೂ 40ಕ್ಕೆ ಬಂದರೆ ಡ್ಯೂಸ್. ಅಲ್ಲಿಂದ ಒಬ್ಬರು ಸತತ ಎರಡು ಪಾಯಿಂಟ್ ಗೆಲ್ಲಬೇಕು. ಎರಡರ ಅಂತರದಲ್ಲಿ ಆರು ಗೇಮ್ ಗೆದ್ದರೆ ಒಂದು ಸೆಟ್, 6-6 ಆದರೆ ಏಳು ಪಾಯಿಂಟ್‌ಗಳ ಟೈಬ್ರೇಕ್, ಅಲ್ಲೂ ಎರಡರ ಅಂತರ ಬೇಕು. ಸರ್ವ್ ಓರೆಯಾಗಿ ಎದುರಿನ ಚೌಕಕ್ಕೆ ಬೀಳಬೇಕು, ಪ್ರತಿ ಸಲ ಎರಡು ಅವಕಾಶ. ಹೊಸಬರು ಆರರ ಬದಲು ನಾಲ್ಕು ಗೇಮ್‌ಗಳ ಸೆಟ್ ಆಡಬಹುದು. ಡಬಲ್ಸ್‌ನಿಂದ ಶುರು ಮಾಡಿದರೆ ಓಟ ಅರ್ಧ.

ಅಂಪೈರ್ ಇಲ್ಲದ ಮ್ಯಾಚ್‌ನಲ್ಲಿ ನಿಮ್ಮ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಅಂತ ಹೇಳಬೇಕಾದವರು ನೀವೇ, ಅದೂ ತಕ್ಷಣ. ಗೆರೆಯ ಅಂಚಿಗೆ ಕೂದಲೆಳೆಯಷ್ಟು ತಾಗಿದ್ದರೂ ಅದು ಒಳಗೆ. ಮಣ್ಣಿನ ಕೋರ್ಟ್ ಆದರೆ ಗುರುತು ಹೋಗಿ ನೋಡಬಹುದು. ಗಟ್ಟಿ ಕೋರ್ಟ್‌ನಲ್ಲಿ ಸಂಶಯ ಬಂದರೆ ಪಾಯಿಂಟ್ ಎದುರಿನವರಿಗೆ.